ಹಬೆಗೆ ಹಾಕದ ಕೋಟು

ಹಬೆಯಣ್ಣನ ಕೆಲಸ ಬಟ್ಟೆ ಬೇಯಿಸುವುದು. ಒಗೆಯುವುದಲ್ಲ, ಬೇಯಿಸುವುದು. ಈ ವ್ಯತ್ಯಾಸ ತಿಳಿಯದೆ ಯಾರಾದರೂ ಬಾಯಿ ತಪ್ಪಿ ಒಗೆಯುವವನು ಎಂದರೆ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಒಗೆಯೋರು ಕೊಳೆ ತೆಗೀತಾರೆ. ನಾನು ಜೀವ ತೆಗೀತೀನಿ," ಎಂದು ಬಿಗುಮಾನದಿಂದ ಹೇಳಿ, ಹಾಗೆ ಹೇಳಿದ್ದಕ್ಕೆ ತಾನೇ ನಗುತ್ತಿದ್ದ. ನೊಣ ಹೊಡೆಯಲೂ ಹಿಂದೆಮುಂದೆ ನೋಡುವ ಆಸಾಮಿ ಅವನು. ಈ ಮೆತ್ತನೆ ಮನಸ್ಸೇ ಮುಂದೆ ಅವನಿಗೆ ಮುಳುವಾಯಿತು.

ಅವನಿದ್ದದ್ದು ಗಿಡಗಳ ಬೇರನ್ನು ಅಧ್ಯಯನ ಮಾಡುವ ಒಂದು ಕೇಂದ್ರದಲ್ಲಿ. ಮುಂದಿನ ಕಟ್ಟಡಕ್ಕೆ ಗಾಜಿನ ಬಾಗಿಲು, ಹೂಕುಂಡ, ಬಂದವರಿಗೆ ಕೂರಲು ಸೋಫಾ. ಹಿಂದಿನ ಕಟ್ಟಡದಲ್ಲಿ ಕಳ್ಳರ ಕೋಣೆ. ಬೋರ್ಡಿನ ಮೇಲೆ ಉದ್ದನೆಯ ಬೇರೇನೋ ಹೆಸರಿತ್ತು, ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲ. ಆ ಕೋಣೆಯ ಡಬ್ಬಿಗಳಲ್ಲಿ ಒಂದು ಕಳೆಯ ಬೀಜಗಳಿದ್ದವು. ಎಲೆಯಿಲ್ಲದ, ಹಸಿರಿಲ್ಲದ, ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಲಾರದ ಗಿಡ ಅದು. ಮಣ್ಣೊಳಗೆ ಟೊಮೇಟೊ ಬೇರಿಗೆ ಬಾಯಿ ಹಾಕಿ, ಅದರ ಜೀವ ಹೀರಿ, ಕೊನೆಗೊಂದು ದಿನ ಏನೂ ಗೊತ್ತಿಲ್ಲದಂತೆ ಹೂವಾಗಿ ಮೇಲೆ ಬರುತ್ತದೆ; ಕಳ್ಳ ಎಂಬ ಹೆಸರು ಅದಕ್ಕೇ. ಬೀಜ ನಶ್ಯದ ಪುಡಿಗಿಂತ ನಯ. ಬೇರು ಸಿಗದಿದ್ದರೆ ಮಣ್ಣಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ, ಸಾಯುವುದಿಲ್ಲ.

ಹಾಗಾಗಿ ಆ ಕೋಣೆಗೆ ಹೋಗುವವರು ತಮ್ಮ ಬಟ್ಟೆ ಕಳಚಿಟ್ಟು ಕೇಂದ್ರದ ಬಿಳಿ ಕೋಟು ತೊಡಬೇಕಿತ್ತು. ಕೋಟಿಗೆ ಜೇಬಿಲ್ಲ, ಮಡಿಕೆಯಿಲ್ಲ; ಪುಡಿ ಕೂರಲು ಎಲ್ಲೂ ಜಾಗ ಇರಬಾರದು. ಹೊರಗೆ ಬರುವಾಗ ಕೋಟನ್ನು ಗೋಡೆಯ ಒಂದು ಕಿಂಡಿಯಲ್ಲಿ ತೂರಿಸಿ, ಸ್ನಾನ ಮಾಡಿ ಬರಬೇಕು. ಕಿಂಡಿಯ ಆಚೆ ಹಬೆಯಣ್ಣ. ಬಿದ್ದ ಕೋಟನ್ನು ಇಕ್ಕಳದಲ್ಲಿ ಎತ್ತಿ ಹಬೆಯ ಪೆಟ್ಟಿಗೆಗೆ ಹಾಕಿ, ಹಿಡಿ ತಿರುಗಿಸಿ, ಒತ್ತಡದ ಮುಳ್ಳು ಮೇಲೇರುವುದನ್ನು ನೋಡುತ್ತ ಕೂರುತ್ತಿದ್ದ. ಮುಖ ನೋಡದೆಯೇ ಅವನಿಗೆ ಜನ ಗೊತ್ತಾಗುತ್ತಿದ್ದರು. ಈ ಕೋಟು ಹೆದರಿದವಳದು, ಬೆವರಿನ ವಾಸನೆ ಜಾಸ್ತಿ. ಇದು ಕದ್ದು ಬೀಡಿ ಸೇದಿ ಒಳಗೆ ಹೋದವನದು. ಇದು ಭಾವನದು.

ಭಾವ ಎಂದರೆ ಅವನ ತಂಗಿಯ ಗಂಡ, ಕಳ್ಳರ ಕೋಣೆಯ ಕಾವಲುಗಾರ. ಅವನೂ ಇವನನ್ನು ಭಾವ ಎಂದೇ ಕರೆಯುತ್ತಿದ್ದ. ಚಹಾ ಹೊತ್ತಿಗೆ ಇಬ್ಬರೂ ಪರಸ್ಪರ ಭಾವ, ಭಾವ ಎನ್ನುವುದನ್ನು ಕೇಳಿದವರಿಗೆ ಯಾರು ಯಾರನ್ನು ಕರೆಯುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಕಾವಲುಗಾರ ಮಾತುಗಾರ, ವಿಜ್ಞಾನಿಗಳು ಮಾತಾಡಿಕೊಂಡಿದ್ದನ್ನೆಲ್ಲ ಕೇಳಿಸಿಕೊಂಡು ಬಂದು ಇವನಿಗೆ ಒಪ್ಪಿಸುತ್ತಿದ್ದ.

"ಬೇರಿಗೆ ಹಸಿವಾದ್ರೆ ಕೂಗುತ್ತೆ ಭಾವ," ಎಂದ ಒಂದು ದಿನ.

"ಯಾವ ಬಾಯಲ್ಲಿ?"

"ತಮಾಷೆ ಬೇಡ, ಕೇಳು. ಕ್ಯಾರೆಟ್ಟಿಗೆ ಬಣ್ಣ ಕೊಡುತ್ತಲ್ಲ, ಅದೇ ಕ್ಯಾರೋಟಿನ್ ಜಾತಿ ವಸ್ತು. ಅದು ಎಲ್ಲಾ ಗಿಡದಲ್ಲೂ ಇರುತ್ತೆ. ಬೇರು ಅದನ್ನ ತುಂಡು ಮಾಡಿ, ತಿದ್ದಿ ತೀಡಿ, ಬೇರೆನೇ ಒಂದು ವಸ್ತು ಮಾಡಿ ಮಣ್ಣಿಗೆ ಬಿಡುತ್ತೆ. ಸ್ಟ್ರೈಗೋಲ್ಯಾಕ್ಟೋನ್ ಅಂತ ಅದರ ಹೆಸರು. ನಾಲಿಗೆ ಹೊರಳಲ್ಲ ಅಂತ ನಾವು ಕರೆನೀರು ಅಂತೀವಿ. ಅದು ಮಣ್ಣಲ್ಲಿರೋ ಒಂದು ಶಿಲೀಂಧ್ರಕ್ಕೆ ಕೊಟ್ಟ ಕರೆ. ಬಾರಪ್ಪ, ನಂಗೆ ಮಣ್ಣಲ್ಲಿರೋ ರಂಜಕದ ಸತ್ವ ತಂದುಕೊಡು, ನಾನು ನಿಂಗೆ ಸಕ್ಕರೆ ಕೊಡ್ತೀನಿ ಅಂತ."

"ಶಿಲೀಂಧ್ರ ಅಂದ್ರೆ ಬೂಷ್ಟು ತಾನೆ? ಬೂಷ್ಟಿನ ಜೊತೆ ಎಂಥಾ ಸ್ನೇಹ?"

"ಬೂಷ್ಟಿನ ಮನೆತನದಲ್ಲಿ ಮರ್ಯಾದಸ್ಥ ಅಂದ್ಕೋ. ಕಷ್ಟ ಏನಂದ್ರೆ, ಆ ಕೂಗು ನಮ್ಮ ಕಳ್ಳನಿಗೂ ಕೇಳುತ್ತೆ. ಅಷ್ಟು ವರ್ಷ ಮಲಗಿದ್ದವನು ಆಗ ಏಳ್ತಾನೆ."

"ಹಾಗಿದ್ರೆ ಕೂಗದೆ ಇರಬೇಕಪ್ಪ."

"ಹಸಿದೋರು ಕೂಗದೆ ಇರ್ತಾರಾ ಭಾವ?" ಎಂದು ಲೋಟ ಕೆಳಗಿಟ್ಟು ಕಾವಲುಗಾರ ಎದ್ದು ಹೋದ.

ಅವನು ಸತ್ತದ್ದು ಆ ಕೋಣೆಯೊಳಗೇ. ಡಬ್ಬಿಗಳನ್ನು ಒರೆಸುತ್ತಿದ್ದವನು ಕಪಾಟು ಹಿಡಿದುಕೊಂಡು ಕುಸಿದ. ಡಾಕ್ಟರು ಬರುವಷ್ಟರಲ್ಲಿ ಎದೆ ನಿಂತಿತ್ತು. ಡಬ್ಬಿಯೊಂದು ಬಿದ್ದು ಮೈಮೇಲೆಲ್ಲ ಪುಡಿ. ಕೇಂದ್ರದ ಮುಖ್ಯಸ್ಥೆಯಾದ ಮೇಡಂ ಅಳುತ್ತಲೇ ನಿಯಮ ಪಾಲಿಸಿದರು. ಹೆಣದ ಮೈ ತೊಳೆಸಿ, ಬೇರೆ ಬಟ್ಟೆ ತೊಡಿಸಿ, ಆಮೇಲೆ ಹೊರಗೆ ಕಳಿಸಿದರು. ಕೋಟು ಎಂದಿನಂತೆ ಕಿಂಡಿಯಿಂದ ಹಬೆಯಣ್ಣನ ಕಡೆಗೆ ಬಿತ್ತು. ಇಕ್ಕಳದಲ್ಲಿ ಎತ್ತಿ ಹಿಡಿದ ಅವನಿಗೆ ಅದನ್ನು ಪೆಟ್ಟಿಗೆಗೆ ಹಾಕುವ ಧೈರ್ಯ ಬರಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಟ್ಟ. ನಾಳೆ ಬೇಯಿಸಿದರಾಯಿತು ಎಂದುಕೊಂಡ. ನಾಳೆ ಎಂದದ್ದು ವಾರವಾಯಿತು.

ಅಷ್ಟರಲ್ಲಿ ತಂಗಿ ಬಂದಳು. ಹಬೆಯ ಕೋಣೆಯ ಹೊಸ್ತಿಲಲ್ಲಿ ನಿಂತು, ಅಳದೆ, ನೇರವಾಗಿ ಕೇಳಿದಳು. "ಅವರ ಕೋಟು ಕೊಡು ಅಣ್ಣ."

"ಬೇಯಿಸಿ ಕೊಡ್ತೀನಿ ಕಣೇ. ಸಂಜೆ ನಾನೇ ತರ್ತೀನಿ."

"ಬೇಯಿಸಿದ್ರೆ ಅದರಲ್ಲಿ ಅವರೆಲ್ಲಿ ಉಳೀತಾರೆ? ಮನೇಲಿರೋದೆಲ್ಲ ಒಗೆದಿಟ್ಟ ಬಟ್ಟೆ. ಅವರ ವಾಸನೆ ಅಂತ ಇರೋದು ಇದೊಂದೇ."

ಅವಳು ಚಿಕ್ಕವಳಿದ್ದಾಗಿನಿಂದ ಅವನ ಹತ್ತಿರ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಹಬೆಯಣ್ಣ ಕೋಟನ್ನು ಹಿತ್ತಲಿಗೆ ಒಯ್ದು ಕೊಡವಿದ, ಒದ್ದೆ ಬಟ್ಟೆಯಲ್ಲಿ ಮೇಲೆಮೇಲೆ ಒರೆಸಿದ, ಬಿಸಿಲಿಗೆ ಹಿಡಿದ. ಅದರಿಂದ ಏನೂ ಆಗುವುದಿಲ್ಲವೆಂದು ಜಗತ್ತಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವನಿಗೇ. ಆದರೂ ಕೊಟ್ಟ. ಕೊಡುವಾಗ "ಮನೇಲೇ ಇಟ್ಕೋ" ಎಂದ, ಅಷ್ಟೇ.

ತಂಗಿಯ ಮನೆಯ ಹಿಂದೆ ಒಂದು ಪಟ್ಟಿ ಹೊಲವಿತ್ತು. ಟೊಮೇಟೊ ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದಳು. ಗಂಡನಿಲ್ಲದ ಮೇಲೆ ಅದೇ ಅವಳ ಬದುಕು. ಆ ಬೀದಿಯ ಮನೆಗಳಿಗೆಲ್ಲ ಹಿಂದೆ ಅಂಥದೇ ಹೊಲ, ನಡುವೆ ಬೇಲಿ ಎಂದರೆ ಹೆಸರಿಗೊಂದು ತಂತಿ. ಹೊಸ ಸಸಿ ನೆಟ್ಟ ದಿನಗಳಲ್ಲಿ ಒಂದು ಮುಂಜಾನೆ ಹಬೆಯಣ್ಣ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅತ್ತ ಬಂದ. ಮಂಜು ಇನ್ನೂ ಕರಗಿರಲಿಲ್ಲ. ಸಾಲುಗಳ ನಡುವೆ ಭಾವ ಬೆನ್ನು ತಿರುಗಿಸಿ ನಿಂತಿದ್ದ. ಅದೇ ಬಿಳಿ ಕೋಟು, ಜೇಬಿಲ್ಲದ್ದಕ್ಕೆ ಕೈ ಎಲ್ಲಿಡಬೇಕೆಂದು ತಿಳಿಯದೆ ಜೋತು ಬಿಟ್ಟ ಅದೇ ಭಂಗಿ. ಹಬೆಯಣ್ಣ ಕರೆಯಲು ಬಾಯಿ ತೆರೆದ.

ಕೋಟು ಇತ್ತ ತಿರುಗಿದಾಗ ತಂಗಿಯ ಮುಖ ಕಂಡಿತು. "ಚಳಿ ಅಣ್ಣ, ಅದಕ್ಕೇ ಹಾಕ್ಕೊಂಡೆ. ದಿನಾ ಹಾಕ್ಕೋತೀನಿ," ಎಂದಳು.

ಆಗಲೇ ಹೇಳಬೇಕಿತ್ತು. ಬಿಚ್ಚಿಸಬೇಕಿತ್ತು. ಆದರೆ ಗಂಡ ಹೋದ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡದ್ದು ಅದೇ ಮೊದಲು. ಹಬೆಯಣ್ಣ ಹಾಗೇ ಕೆಲಸಕ್ಕೆ ಹೋದ. ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ಕಿಂಡಿಯಿಂದ ಕೋಟು ಬಿದ್ದಾಗಲೆಲ್ಲ ಭಾವನದೇ ಬಿತ್ತು ಅನ್ನಿಸುವುದು. ಹಬೆ ಬಿಡುವಾಗ ಬರುವ ಸದ್ದಿನಲ್ಲಿ ಯಾರೋ ಉಸಿರೆಳೆದುಕೊಂಡಂತೆ ಕೇಳುವುದು. ಪೆಟ್ಟಿಗೆಯ ಮುಚ್ಚಳ ತೆರೆಯುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುವ ಚಾಳಿ ಅವನಿಗೆ ಹತ್ತಿಕೊಂಡಿತು.

ಗಿಡಗಳು ಕಾಯಿ ಕಚ್ಚುವ ಹೊತ್ತಿಗೆ ತಂಗಿ ಹೇಳಿ ಕಳಿಸಿದಳು. ಬೇಗ ಬಾ, ಒಂದು ನೋಡಬೇಕು ಎಂದು. ಅವನು ಹೋದಾಗ ಅವಳು ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಟೊಮೇಟೊ ಎಲೆಗಳು ನೀರಿದ್ದೂ ಬಾಡಿ ಜೋತುಬಿದ್ದಿದ್ದವು. ಅವುಗಳ ಬುಡದಲ್ಲಿ, ಬರಿಯ ಮಣ್ಣನ್ನು ಸೀಳಿಕೊಂಡು, ಎಲೆಯಿಲ್ಲದ ನಸುಬಿಳಿ ದಂಟುಗಳು ಎದ್ದು ನಿಂತಿದ್ದವು. ತುದಿಯಲ್ಲಿ ತೆಳು ನೇರಳೆ ಹೂವು. ಸಾಲಿನುದ್ದಕ್ಕೂ ಇದ್ದವು. ನೀರಿನ ತೊಟ್ಟಿಯಿಂದ ಬಾಗಿಲವರೆಗಿನ ಕಾಲುದಾರಿಯ ಎರಡೂ ಬದಿಯ ಗಿಡಗಳ ಬುಡದಲ್ಲೂ ಇದ್ದವು.

"ಅವರು ಬಂದಿದಾರೆ ಅಣ್ಣ," ಎಂದಳು ತಂಗಿ, ಮನೆಗೆ ನೆಂಟರು ಬಂದರು ಎನ್ನುವಷ್ಟು ಸಹಜವಾಗಿ.

"ಹುಚ್ಚಿ ಥರ ಮಾತಾಡಬೇಡ. ಇದು ಕಳೆ."

"ಕಳೆ ಅಂತ ನಂಗೂ ಗೊತ್ತು. ಆದ್ರೆ ನಾನು ಓಡಾಡಿದ ಕಡೆನೇ ಯಾಕೆ ಬಂತು? ಪಕ್ಕದ ಮನೆ ಅಕ್ಕನ ಹೊಲದಲ್ಲಿ ಒಂದೂ ಇಲ್ಲ. ಬಣ್ಣ ನೋಡು. ಅವರು ಹೋದ ದಿನ ಅವರ ಉಗುರು ಇದೇ ಬಣ್ಣಕ್ಕೆ ತಿರುಗಿತ್ತು. ನೆನಪಿದೆಯಾ?"

ಅವನಿಗೆ ನೆನಪಿತ್ತು. ಹಬೆಯಣ್ಣ ಅವಳ ಪಕ್ಕ ಬದುವಿನ ಮೇಲೆ ಕೂತ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಭಾವ ಚಹಾ ಹೊತ್ತಿನಲ್ಲಿ ಹೇಳಿದ್ದನ್ನೆಲ್ಲ ತಂಗಿಗೆ ಹೇಳಿದ. ಹಸಿದ ಬೇರು ಕೂಗುವುದು, ಶಿಲೀಂಧ್ರಕ್ಕೆಂದು ಕೂಗಿದ್ದು ಕಳ್ಳನಿಗೆ ಕೇಳುವುದು, ಮಲಗಿದ ಬೀಜ ಏಳುವುದು, ಎಲ್ಲವನ್ನೂ. ಕೊನೆಗೆ ಬೀಜ ಎಲ್ಲಿಂದ ಬಂತೆನ್ನುವುದನ್ನೂ ಹೇಳಿದ.

"ಕೋಟಿಂದ ಬಂದಿದೆ ಕಣೇ. ನಾನು ಬೇಯಿಸದೆ ಕೊಟ್ಟದ್ದು."

ಅವಳು ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದ. ಅವಳ ಮುಖ ಅರಳಿತು.

"ಹಾಗಾದ್ರೆ ಅವರೇ ತಂದದ್ದು," ಎಂದಳು.

ಭೂತ ಬಿಡಿಸಲು ಹೋಗಿ ಭೂತಕ್ಕೆ ಮನೆಯ ವಿಳಾಸ ಬರೆದುಕೊಟ್ಟ ಹಾಗಾಯಿತು ಅವನ ಕತೆ. ತಂಗಿ ಹೂ ಮುಟ್ಟಲು ಬಿಡಲೊಲ್ಲಳು. ಬಾಡುವವರೆಗೆ ಇರಲಿ ಅಣ್ಣ, ಆಮೇಲೆ ಬೇಕಾದ್ದು ಮಾಡು ಎಂದಳು. ಬಾಡುವಷ್ಟರಲ್ಲಿ ಕಾಯಿ ಒಡೆದು ಬೀಜ ಉದುರಿರುತ್ತದೆ, ಒಂದೊಂದು ದಂಟಿನಲ್ಲೂ ಎಣಿಸಲಾಗದಷ್ಟು, ಗಾಳಿ ಬೀಸಿದರೆ ಬೀದಿಯ ಹೊಲಗಳಿಗೆಲ್ಲ ಹೋಗುತ್ತದೆ ಎಂದು ಅವನು ಬಡಿದುಕೊಂಡ. ಅವಳ ಕಣ್ಣು ತಂತಿಯಾಚೆಗೆ ಹೋಯಿತು. ಅಲ್ಲಿ ಪಕ್ಕದ ಮನೆಯ ಅಕ್ಕ ತನ್ನ ಗಿಡಗಳಿಗೆ ಕೋಲು ಕಟ್ಟುತ್ತಿದ್ದಳು. ಗಂಡ ಸತ್ತ ದಿನಗಳಲ್ಲಿ ತಂಗಿಗೆ ತಲೆ ಬಾಚಿ, ತುತ್ತು ತಿನ್ನಿಸಿದವಳು ಆ ಅಕ್ಕ.

"ಅಕ್ಕನ ಹೊಲಕ್ಕೂ ಹೋಗುತ್ತಾ?"

"ಮೊದಲು ಅಲ್ಲಿಗೇ ಹೋಗುತ್ತೆ."

ತಂಗಿ ಎದ್ದು ಸೀರೆಯ ಮಣ್ಣು ಕೊಡವಿದಳು. ಆಮೇಲೆ "ಕಿತ್ತುಬಿಡು. ನಾನು ನೋಡಲ್ಲ," ಎಂದು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಳು. ಹಬೆಯಣ್ಣ ದಂಟುಗಳನ್ನು ಟೊಮೇಟೊ ಗಿಡಗಳ ಸಮೇತ ಕಿತ್ತು ಗೋಣಿಗೆ ತುಂಬಿ ಸುಟ್ಟ. ಅವಳ ಆ ವರ್ಷದ ಬೆಳೆಯೆಲ್ಲ ಅದರಲ್ಲಿ ಹೋಯಿತು. ಕೋಟನ್ನೂ ಕೇಳಿ ಪಡೆದು ಕೇಂದ್ರಕ್ಕೆ ಒಯ್ದು, ಹಬೆಯ ಪೆಟ್ಟಿಗೆಗೆ ಹಾಕಿ, ಒಣಗಿಸಿ, ಮಡಿಸಿ ತಂದುಕೊಟ್ಟ. ತಂಗಿ ಅದರಲ್ಲಿ ಮುಖ ಹುದುಗಿಸಿದಳು. ತಲೆ ಎತ್ತಿ ಅಣ್ಣನನ್ನು ನೋಡಿದಳು.

"ಇದು ಯಾರ ಕೋಟು?" ಎಂದಳು.

ಅವನು ಎದ್ದು ಬಂದ.

ಮರುದಿನ ಮೇಡಂ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮನ್ನ ಇನ್ನು ಆ ಕೆಲಸದಲ್ಲಿ ಇಟ್ಕೊಳ್ಳೋಕಾಗಲ್ಲ, ಗೊತ್ತಲ್ಲ?" ಎಂದರು.

"ಗೊತ್ತು ಮೇಡಂ. ನನ್ನ ವಿಷಯ ಆಮೇಲೆ. ಮೊದಲು ಹೊಲ ನೋಡಿ. ಇನ್ನೂ ಮಣ್ಣಲ್ಲಿ ಎಷ್ಟು ಮಲಗಿದೆಯೋ."

ಮೇಡಂ ಅಂದೇ ಬಂದರು. ಹೊಲ ಬರಿದಾಗಿತ್ತು. ಕೇಂದ್ರದಲ್ಲಿ ಒಂದು ಉಪಾಯವನ್ನು ಪರೀಕ್ಷಿಸುತ್ತಿದ್ದರಂತೆ. ಗೆಲ್ಲುತ್ತದೆಂದು ಮಾತು ಕೊಡಲಾರೆ, ಆದರೆ ಮಾಡಿ ನೋಡಬಹುದು ಎಂದರು. ಬೇರು ಬಿಡುವ ಕರೆನೀರನ್ನೇ ಹೋಲುವ ದ್ರವವನ್ನು ಗಿಡವಿಲ್ಲದ ಹೊಲಕ್ಕೆ ಸುರಿಯುವುದು. ಬೇರು ಬಂತೆಂದು ಬೀಜ ಎಚ್ಚರಗೊಳ್ಳುತ್ತದೆ. ಸಣ್ಣ ಎಳೆ ಚಾಚಿ ಸುತ್ತ ತಡಕಾಡುತ್ತದೆ. ಹಿಡಿಯಲು ಬೇರು ಸಿಗದೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಬಾಗಿಲಿಗೆ ಒರಗಿ ಕೇಳುತ್ತಿದ್ದ ತಂಗಿ, "ಅಂದ್ರೆ ಸುಳ್ಳು ಕರೆನಾ ಮೇಡಂ?" ಎಂದಳು.

"ಹಾಗೇ ಅನ್ನಬಹುದಮ್ಮ."

"ಎದ್ದು ಬಂದು ನೋಡಿದ್ರೆ ಮನೇಲಿ ಯಾರೂ ಇರಲ್ಲ."

ಮೇಡಂ ಬರಿದಾದ ಹೊಲದತ್ತ ತಿರುಗಿದರು. ಆಮೇಲೆ, ನೀವು ಬೇಡ ಅಂದ್ರೆ ಸುರಿಯಲ್ಲ, ಆದರೆ ಇಲ್ಲಿ ಇನ್ನು ಎಷ್ಟೋ ವರ್ಷ ಟೊಮೇಟೊ ಬೆಳೆಯೋ ಹಾಗಿಲ್ಲ, ಪಕ್ಕದ ಹೊಲಗಳಿಗೂ ಭಯ ತಪ್ಪಲ್ಲ ಎಂದರು. ತಂಗಿ ಆಗಲಿ ಎಂದು ತಲೆಯಾಡಿಸಿದಳು. ಸುರಿಯುವಾಗ ಅವಳು ಹೊರಗೆ ಬರಲಿಲ್ಲ. ಹಬೆಯಣ್ಣನೇ ಡಬ್ಬ ಬೆನ್ನಿಗೆ ಹಾಕಿಕೊಂಡು ಮೂಲೆ ಮೂಲೆಗೂ ಸಿಂಪಡಿಸಿದ. ಕಾಲಡಿಯ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಷ್ಟೂ ಬೀಜಗಳು ಕಣ್ಣು ಬಿಡುತ್ತಿವೆ, ಕೈ ಚಾಚುತ್ತಿವೆ, ಕರೆದವರು ಯಾರೆಂದು ಹುಡುಕುತ್ತಿವೆ ಎನ್ನಿಸಿತು ಅವನಿಗೆ. ಇದು ಗಿಡದ ವಿಷಯ, ಮನುಷ್ಯರದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ. ಕೊನೆಯ ಸಾಲು ಮುಗಿಸುವಾಗ "ಕ್ಷಮಿಸು ಭಾವ" ಎಂಬ ಮಾತು ಅವನ ಬಾಯಿಂದ ಬಂದೇಬಿಟ್ಟಿತು.

ಕೇಂದ್ರದವರು ಅವನನ್ನು ಮುಂದಿನ ಕಟ್ಟಡಕ್ಕೆ ಹಾಕಿದರು. ಗಾಜಿನ ಬಾಗಿಲು ಒರೆಸುವುದು, ಹೂಕುಂಡಕ್ಕೆ ನೀರು ಹನಿಸುವುದು. ಮರ್ಯಾದೆಯ ಕೆಲಸವೇ. ಆದರೆ ಆ ಗಾಜಿನಲ್ಲಿ ತನ್ನ ಮುಖ ಕಂಡಾಗಲೆಲ್ಲ ಅವನು ಬಟ್ಟೆ ಹಿಡಿದು ಜೋರಾಗಿ ಉಜ್ಜುತ್ತಿದ್ದ. ಹಬೆಯಣ್ಣ ಎಂದು ಕರೆಯುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಬಿಡುವಾದಾಗಲೆಲ್ಲ ತಂಗಿಯ ಹೊಲ ನೋಡಲು ಹೋಗುತ್ತಿದ್ದ. ವಾರಗಳು ಕಳೆದರೂ ಮಣ್ಣು ಬರಿದಾಗಿಯೇ ಇತ್ತು, ಒಂದು ದಂಟೂ ಏಳಲಿಲ್ಲ. ತಂಗಿ ಮಾತು ಕಡಿಮೆ ಮಾಡಿದ್ದಳು, ಆದರೆ ಶಾಂತವಾಗಿದ್ದಳು. ಆ ಶಾಂತಿಯೇ ಅವನನ್ನು ಹೆದರಿಸಿತು. ಒಂದು ಮಧ್ಯಾಹ್ನ ನೀರಿನ ತೊಟ್ಟಿಯ ಹಿಂದೆ ಬೋರಲು ಹಾಕಿದ ಹರಕು ಬುಟ್ಟಿಯೊಂದು ಕಣ್ಣಿಗೆ ಬಿತ್ತು. ಸುತ್ತ ಮಣ್ಣು ಒದ್ದೆ. ಬುಟ್ಟಿ ಎತ್ತಿದ. ಒಳಗೆ ಒಂದೇ ಒಂದು ಟೊಮೇಟೊ ಗಿಡ, ಬೆಳಕು ಸಾಲದೆ ಬಿಳಿಚಿಕೊಂಡು, ಆದರೂ ಬದುಕಿ ನಿಂತಿತ್ತು.

ನೆರಳು ಕಂಡು ತಿರುಗಿದ. ತಂಗಿ ಹಿಂದೆ ನಿಂತಿದ್ದಳು.

"ನೀನಾ ನೆಟ್ಟಿದ್ದು?"

"ಹೂಂ."

"ಯಾಕೇ? ಎಲ್ಲಾ ಗೊತ್ತಿದ್ದೂ ಗೊತ್ತಿದ್ದೂ?"

"ನೀವು ಸುರಿದು ಹೋದ ರಾತ್ರಿನೇ ನೆಟ್ಟೆ. ನೀವೆಲ್ಲ ಸೇರ್ಕೊಂಡು ಅವರನ್ನ ಕರೆದ ಮೇಲೆ ಒಬ್ರಾದ್ರೂ ಮನೇಲಿರಬೇಕಲ್ಲ ಅಣ್ಣ."

ಹಬೆಯಣ್ಣನ ಕೈ ಗಿಡದ ಬುಡದಲ್ಲಿತ್ತು. ಒಮ್ಮೆ ಅವಳ ಮೇಲಿನ ಕನಿಕರಕ್ಕೆ ಅವಳ ಹೊಲವನ್ನೇ ಹಾಳು ಮಾಡಿದ್ದ. ಈಗಲೂ ಅದೇ ಕನಿಕರ ಬಂದು ನಿಂತಿತ್ತು. ಒಂದೇ ಗಿಡ, ಮರೆಯಲ್ಲಿದೆ, ಇದ್ದರೆ ಇರಲಿ ಎಂದು ಅದು ಅವನಿಗೆ ಹೇಳಿಕೊಡುತ್ತಿತ್ತು. ಹಲ್ಲು ಕಚ್ಚಿ, ಅವಳ ಮುಖ ನೋಡದೆ, ಗಿಡವನ್ನು ಬೇರುಸಹಿತ ಎಳೆದ. ತಂಗಿ ಇನ್ನೆಂದೂ ತನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡ.

ಅವಳು ಹತ್ತಿರ ಬಂದಳು. ಅವನ ಕೈಯಿಂದ ಗಿಡ ತೆಗೆದುಕೊಂಡು, ಬೇರಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ಒಂದು ಬೇರಿನ ಮೇಲೆ ಕಾಳಿನಷ್ಟು ದಪ್ಪದ ನಸುಬಿಳಿ ಗಂಟು ಕಚ್ಚಿಕೊಂಡಿತ್ತು. ಮೇಲೆ ಬರಲು ಅದಕ್ಕೆ ಇನ್ನೂ ಕೆಲವು ದಿನ ಬೇಕಿತ್ತು. ತಂಗಿ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಬಂದಿದ್ರಲ್ಲ ಅಣ್ಣ," ಎಂದಳು. "ಖಾಲಿ ಮನೆಗೆ ಬಂದು ವಾಪಸ್ ಹೋಗಲಿಲ್ಲ."

ಗಿಡವನ್ನು ಸೆರಗಿನಲ್ಲಿ ಮಣ್ಣು ಉದುರದಂತೆ ಸುತ್ತಿಕೊಂಡು ಅಡುಗೆಮನೆಗೆ ನಡೆದಳು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಉರಿಯುವ ಒಲೆಯ ಮುಂದೆ ಕೂತು, ಬೇರಿನ ಕಡೆಯಿಂದಲೇ ಅದನ್ನು ಬೆಂಕಿಗೆ ಹಿಡಿದಳು.